ಹದಿನೇಳನೆಯ ಸೀಸೆ

ಹದಿನಾರು ಸೀಸೆಗಳ ಮುಚ್ಚಳ ಬಿಚ್ಚಿ, ಒಳಗಿನ ಕಾಗದದ ಪಟ್ಟಿಗಳನ್ನು ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡಿ, ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಹದಿನೇಳನೆಯದನ್ನು ಕೈಗೆತ್ತಿಕೊಂಡಾಗ ಮುವಾಹೆರಾ ಯೋಚಿಸುತ್ತಿದ್ದದ್ದು ಮಧ್ಯಾಹ್ನದ ಸಭೆಗೆ ಹಸಿರು ಕಪುಲಾನಾ ಉಡುವುದೋ ನೀಲಿಯದೋ ಎಂದು. ಆ ಸೀಸೆಯ ಬಗ್ಗೆ ಯೋಚಿಸುವಂಥದ್ದೇನೂ ಇರಲಿಲ್ಲ. ಅದು ಅವಳ ಅಮ್ಮ ಅಲೀಮಾಳ ಹಿಟ್ಟು. ಈ ಸಲದ ಪರೀಕ್ಷೆಗೆ ಮೂವತ್ತು ಮನೆ ಭರ್ತಿಯಾಗಲಿ ಎಂದು ನಿನ್ನೆ ಒಂದು ಚಮಚೆಯಷ್ಟು ಪೊಟ್ಟಣ ಕಟ್ಟಿ ತಂದಿದ್ದಳು. ಹಳದಿ ಪಟ್ಟಿ ಹಳದಿಯಾಗಿಯೇ ಉಳಿದಿರುತ್ತದೆ, ಅದನ್ನು ಎತ್ತಿ ಹಿಡಿದು, ನೋಡಿ, ಹಿಟ್ಟು ಅಂದರೆ ಹೀಗಿರಬೇಕು ಎಂದು ಊರಿನ ಹೆಂಗಸರಿಗೆ ತೋರಿಸಬಹುದು ಎಂದುಕೊಂಡಿದ್ದಳು. ಮುಚ್ಚಳ ತಿರುಗಿಸಿ ಪಟ್ಟಿಯನ್ನು ಎಳೆದಳು. ಕಂದು. ಹುರಿದ ಗೇರುಬೀಜದ ಸಿಪ್ಪೆಯ ಕಂದು. ಅವಳ ಕೈ ತಾನಾಗಿಯೇ ಕಾರ್ಡಿನ ಮೇಲೆ ಸರಿಯುತ್ತ ಹೋಯಿತು. ಹತ್ತರ ಚೌಕ ದಾಟಿತು, ಐವತ್ತು ದಾಟಿತು, ನೂರು ದಾಟಿತು, ಇನ್ನೂರರ ಚೌಕದ ಬಳಿ ಬಂದು ನಿಂತಿತು. ಹತ್ತರವರೆಗೆ ತಿನ್ನಬಹುದು. ಐವತ್ತಾದರೆ ಎಚ್ಚರ. ಇನ್ನೂರು ಎಂಬ ಅಂಕಿಯನ್ನು ಈ ಊರಿನಲ್ಲಿ ಅವಳು ಇದುವರೆಗೆ ಬರೆದೇ ಇರಲಿಲ್ಲ.

ಸೀಸೆ ತಿರುಗಿಸಿ ಸಂಖ್ಯೆ ನೋಡಿದಳು. ಹದಿನೇಳು. ಅವಳದೇ ಬರವಣಿಗೆ, ಏಳರ ಬಾಲ ಸ್ವಲ್ಪ ಉದ್ದ. ಬೆಳಕು ಸರಿಯಿಲ್ಲವೇನೋ ಎಂದು ಎದ್ದು ಕಿಟಕಿಯ ಬಳಿ ಹೋದಳು. ಆರೋಗ್ಯ ಕೇಂದ್ರದ ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದರಾಚೆ ಒಣಗಿದ ಬಯಲು. ಎರಡು ವರ್ಷದಿಂದ ನೆಟ್ಟಗೆ ಮಳೆ ಇಲ್ಲ. ಪಟ್ಟಿ ಅಲ್ಲಿಯೂ ಕಂದಾಗಿಯೇ ಇತ್ತು. ನೀರೇನಾದರೂ ಕೆಟ್ಟಿದೆಯೆ? ಹಿಟ್ಟೇ ಹಾಕದೆ ಬರೀ ನೀರು ಹಾಕಿಟ್ಟ ಸೀಸೆಯೊಂದು ಪ್ರತಿ ಸಲವೂ ಸಾಲಿನ ಕೊನೆಯಲ್ಲಿ ಇರುತ್ತದೆ, ಇಂಥ ಅನುಮಾನಕ್ಕೆಂದೇ. ಅದನ್ನು ಬಿಚ್ಚಿದಳು. ನಿಂಬೆಹಣ್ಣಿನ ಹಳದಿ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಓದು ಬಾರದವರಿಗೂ ಕಣ್ಣಿಗೆ ಕಾಣುವ ಪರೀಕ್ಷೆ; ಮರಗೆಣಸಿನ ಹಿಟ್ಟಿನಲ್ಲಿ ಅಡಗಿ ಕೂತ ಸೈನೈಡು ನೀರು ಸೋಕಿ ಆವಿಯಾಗಿ ಎದ್ದು ಮುಚ್ಚಳದ ಕೆಳಗಿನ ಕಾಗದಕ್ಕೆ ತನ್ನ ಬಣ್ಣ ಬಳಿಯುತ್ತದೆ, ಅಷ್ಟೇ. ಸುಳ್ಳು ಹೇಳುವುದಕ್ಕೆ ಅದರಲ್ಲಿ ಜಾಗವಿಲ್ಲ ಎಂದು ಇದೇ ಊರಿನ ಹೆಂಗಸರಿಗೆ ಅವಳೇ ಹತ್ತು ಸಲ ಹೇಳಿದ್ದಳು.

ಅವಳು ಕೂತಳು. ಕೂರುವಾಗ ಎರಡೂ ಮೊಣಕಾಲು ಒಂದಕ್ಕೊಂದು ಉಜ್ಜಿ, ಹಿಮ್ಮಡಿ ನೆಲ ಮುಟ್ಟದೆ, ಬೆರಳ ತುದಿಯಲ್ಲಿಯೇ ಕಾಲು ನಡುಗಿತು. ಏಳನೆಯ ವಯಸ್ಸಿನಿಂದ ಅವಳ ಕಾಲು ಹೀಗೇ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದ ಹುಡುಗಿ ಏಳಲಿಲ್ಲ. ಅಂದಿನಿಂದ ಕೋಲು ಹಿಡಿದು, ಕತ್ತರಿಯ ಹಾಗೆ ಕಾಲನ್ನು ಅಡ್ಡಡ್ಡ ಹಾಕುತ್ತ, ಬೆರಳಿನಲ್ಲಿ ಮಣ್ಣು ಗೀರುತ್ತ ನಡೆಯುತ್ತಾಳೆ. ಮಂತಾಕಾಸಾ ಎಂದು ಆ ರೋಗದ ಹೆಸರು. ಆ ವರ್ಷವೂ ಬರ, ಸುತ್ತಿನ ಊರುಗಳಲ್ಲಿ ಎಷ್ಟೋ ಮಕ್ಕಳಿಗೆ ಬಡಿದಿತ್ತು. ಯುದ್ಧಕ್ಕೆ ಬಂದ ಸೈನಿಕರು ಬಾವಿಗೆ ಏನೋ ಹಾಕಿದರು ಅಂದರು ಕೆಲವರು. ಸಮುದ್ರದ ಗಾಳಿ ಅಂದರು. ಅಮ್ಮ ಮಾತ್ರ ಅನುಮಾನಕ್ಕೆಡೆಯಿಲ್ಲದಂತೆ ಹೇಳಿದ್ದಳು: ಇದು ನನ್ನ ಅಕ್ಕನ ಕೆಲಸ, ಮಗುವಿನ ದಾರಿಗೆ ಏನೋ ಹೂತಿಟ್ಟಿದ್ದಾಳೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಒಲೆಗೆ ಬೆಂಕಿ ಕೊಟ್ಟುಕೊಳ್ಳುವುದೂ ಇಲ್ಲ. ಹೋದ ವರ್ಷ ದೊಡ್ಡಮ್ಮ ತೀರಿಕೊಂಡಾಗ ಅಳುವ ಸದ್ದು ಅಂಗಳಕ್ಕೆ ಕೇಳುತ್ತಿದ್ದರೂ ಅಮ್ಮ ಒರಳಿನ ಮುಂದಿನಿಂದ ಏಳಲಿಲ್ಲ. ಒನಕೆ ಹಾಕುತ್ತಲೇ ಇದ್ದಳು.

ನೆಟ್ಟಗೆ ನಡೆಯಲಾಗದ ಹುಡುಗಿಯನ್ನು ಹೊಲಕ್ಕೆ ಕರೆದೊಯ್ಯುವವರಿಲ್ಲ. ವ್ಯಾಪಾರಿಯ ಉಗ್ರಾಣದ ಜಗಲಿಯ ಮೇಲೆ ಕೂತು ಗೇರುಬೀಜ ಆರಿಸುತ್ತ ಅವಳು ದೊಡ್ಡವಳಾದಳು. ಬಿಳಿ, ಕೆನೆ, ತುಸು ಸುಟ್ಟದ್ದು, ಕಂದು, ಕಪ್ಪುಚುಕ್ಕೆ; ಐದು ಬುಟ್ಟಿ. ಮಿಕ್ಕವರು ಎರಡು ಸಲ ನೋಡಿ ಹಾಕುವುದನ್ನು ಅವಳು ನೋಡದೆಯೇ ಹಾಕುತ್ತಾಳೆ ಎಂದು ವ್ಯಾಪಾರಿ ಬೇರೆಯವರಿಗೆ ಕರೆದು ತೋರಿಸುತ್ತಿದ್ದ. ಜಿಲ್ಲೆಯಿಂದ ಸೆಲೆಮಾನೆ ಎಂಬ ತಂತ್ರಜ್ಞ ಮೊದಲ ಸಲ ಮೋಟಾರ್‌ಸೈಕಲ್ಲಿನಲ್ಲಿ ಬಂದು, ಹಿಟ್ಟಿನ ಪರೀಕ್ಷೆ ಕಲಿಯುವವರು ಯಾರು ಎಂದು ಕೇಳಿದಾಗ ಅವಳು ಕೋಲೂರಿ ಎದ್ದು ನಿಂತಳು. ಅವನು ಅವಳ ಕಾಲು ನೋಡಿದ. "ಮನೆ ಮನೆ ತಿರುಗಬೇಕಾಗುತ್ತೆ ಅಕ್ಕ" ಎಂದ, ತುಂಬ ಮೆತ್ತಗೆ. ಆ ಮೆತ್ತಗಿನ ದನಿಯೇ ಅವಳಿಗೆ ಚುಚ್ಚಿದ್ದು. "ಬಣ್ಣ ನೋಡೋಕೆ ಕಾಲು ಬೇಕಾ?" ಎಂದಳು. ಎಲ್ಲರೂ ನಕ್ಕರು, ಸೆಲೆಮಾನೆಯೂ ನಕ್ಕು, ಹಿಂದಿನ ಊರುಗಳ ಪಟ್ಟಿಗಳನ್ನೆಲ್ಲ ಕಲಸಿ ಅವಳ ಮುಂದೆ ಹಾಕಿದ. ಅವಳು ಅವನ್ನು ತಿಳಿಯಿಂದ ಕಡುವಿಗೆ ಸಾಲಾಗಿ ಜೋಡಿಸಿದಳು. ಅವನು ತನ್ನ ಪುಸ್ತಕ ತೆಗೆದು ತಾಳೆ ನೋಡಿದ. ಒಂದು ಕಡೆ ಮಾತ್ರ ವ್ಯತ್ಯಾಸವಿತ್ತು, ಅಲ್ಲಿ ತಪ್ಪಿದ್ದವನು ತಾನೇ ಎಂದು ಅವನೇ ಒಪ್ಪಿಕೊಂಡ. ಆ ದಿನ ಮನೆಗೆ ಹೋಗುವಾಗ ತನ್ನ ಕಾಲು ಮಣ್ಣು ಗೀರುವ ಸದ್ದು ಅವಳಿಗೆ ಕೇಳಿಸಿರಲಿಲ್ಲ.

ಆದರೆ ಈಗ ಅವಳಿಗೆ ನೆನಪಾದದ್ದು ಹೋದ ತಿಂಗಳ ಸಭೆ. ಅಂದು ಅವಳು ಸಂಖ್ಯೆ, ಹೆಸರು, ಅಂಕಿ ಮೂರನ್ನೂ ಕೂಗಿ ಓದಿದ್ದಳು. ಎಲ್ಲರ ಮುಂದೆ ಓದಿದರೆ ತಾನೇ ಭಯ ಬರುವುದು, ಭಯ ಬಂದರೆ ತಾನೇ ತಿದ್ದಿಕೊಳ್ಳುವುದು ಎಂದು ಸೆಲೆಮಾನೆಗೆ ಸಮರ್ಥಿಸಿಕೊಂಡಿದ್ದಳು. "ನಾಲ್ಕು. ಝೈನಾಬೋ. ನೂರು." ಝೈನಾಬೋ ದೊಡ್ಡಮ್ಮನ ಮಗಳು, ಅವಳಿಗಿಂತ ಒಂದು ವರ್ಷ ದೊಡ್ಡವಳು. ಅಂಕಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. "ಈ ಹಿಟ್ಟನ್ನ ಮಕ್ಕಳಿಗೆ ಬಡಿಸೋದಕ್ಕಿಂತ ಗೋಡೆಗೆ ಬಳಿಯೋದು ವಾಸಿ" ಎಂದುಬಿಟ್ಟಳು. ಹೆಂಗಸರು ಗೊಳ್ಳೆಂದರು. ಝೈನಾಬೋ ತನ್ನ ಬೋಗುಣಿಯನ್ನು ಎತ್ತಿಕೊಂಡು, ನಗುವವರ ಮಧ್ಯದಿಂದಲೇ ದಾರಿ ಮಾಡಿಕೊಂಡು ಹೋದಳು. ಹೋಗುವಾಗ, "ಆಯ್ತು ಡಾಕ್ಟ್ರಮ್ಮಾ" ಎಂದಳು ಅಷ್ಟೇ. ಆ ಮಾತನ್ನು ಅಂದು ಸಂಜೆ ಅಮ್ಮನಿಗೆ ಹೇಳಿ, ಅಮ್ಮ ನಕ್ಕಿದ್ದನ್ನು ನೋಡಿ ಮುವಾಹೆರಾಗೆ ಸಿಹಿ ತಿಂದಂತಾಗಿತ್ತು. ಈಗ ಕೂತು ಯೋಚಿಸಿದರೆ, ಗೋಡೆಗೆ ಬಳಿಯುವ ಮಾತು ಅವಳು ಆಡಿದ್ದು ಹಿಟ್ಟಿನ ಮೇಲಲ್ಲ.

ಹೊಸ ಪಟ್ಟಿಗಳ ಡಬ್ಬಿ ಕೈಗೆಟುಕುವಷ್ಟು ದೂರದಲ್ಲಿಯೇ ಇತ್ತು. ಒಂದು ಹಳದಿ ಪಟ್ಟಿಯನ್ನು ಎಳೆದುಕೊಂಡಳು. ಹದಿನೇಳನೆಯ ಮುಚ್ಚಳದ ಮುಂದೆ ಅದನ್ನು ಇಟ್ಟು ನೋಡಿದಳು. ಎಷ್ಟು ಸುಲಭ. ಅಮ್ಮನಿಗೆ ಗುಟ್ಟಾಗಿ ಹೇಳಿ ಹಿಟ್ಟು ಸರಿ ಮಾಡಿಸಿದರಾಯಿತು, ಯಾರ ಮಕ್ಕಳಿಗೂ ಕೇಡಿಲ್ಲ, ಊರಿನ ಬಾಯಿಗೂ ಬೀಳಬೇಕಿಲ್ಲ. ಊರಿನಲ್ಲಿ ನೆಂಟರು ಬಂದರೆ ಅಲೀಮಾಳ ಹಿಟ್ಟು ಒಂದು ಬೋಗುಣಿ ತರಿಸಿಕೊಳ್ಳುತ್ತಾರೆ, ಅಷ್ಟು ಬಿಳಿ, ಅಷ್ಟು ನಯ. ಗಂಡನಿಲ್ಲದೆ, ಕಾಲಿಲ್ಲದ ಮಗಳನ್ನು ಕಟ್ಟಿಕೊಂಡು ಆ ಹೆಂಗಸು ತಲೆಯೆತ್ತಿ ನಡೆದದ್ದು ಆ ಬಿಳುಪಿನ ಬಲದ ಮೇಲೆ. ಅದನ್ನು ಕಸಿದುಕೊಂಡರೆ ಅವಳ ಬಳಿ ಉಳಿಯುವುದೇನು? ಆಗ ಮುವಾಹೆರಾಗೆ ಬೆಳಗಿನ ಒಲೆ ಕಣ್ಣಮುಂದೆ ಬಂತು. ಅಮ್ಮ ಬಿಸಿ ಮುದ್ದೆಯನ್ನು ಮುರಿದು ಅಸ್ಮಿನಾಳ ತಟ್ಟೆಗೆ ಹಾಕುತ್ತಿದ್ದದ್ದು, ಎಂಟು ವರ್ಷದ ತನ್ನ ಮಗಳು ಮತಾಪಾ ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದದ್ದು, ಇನ್ನೊಂದು ತುತ್ತು ಎಂದು ಕೈ ಚಾಚಿದ್ದು. ಹಳದಿ ಪಟ್ಟಿ ಕೈಯಿಂದ ಬಿತ್ತು. ಕಂದು ಪಟ್ಟಿಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಕೋಲು ಎಳೆದುಕೊಂಡು ಹೊರಟಳು. ಹೊಸಿಲು ದಾಟುವಾಗ ಪುಸ್ತಕದಲ್ಲಿ ಹದಿನೇಳರ ಮುಂದೆ ಏನನ್ನೂ ಬರೆದಿಲ್ಲವೆಂಬುದು ನೆನಪಾಯಿತು. ಹಿಂದಿರುಗಿ ಇನ್ನೂರು ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಮತ್ತೆ ಹೊರಟಳು.

ಅಂಗಳದಲ್ಲಿ ಅಮ್ಮ ಜರಡಿ ಹಿಡಿದು ಕೂತಿದ್ದಳು. ಮುಖದ ಮೇಲೆ ಮುಸಿರೋ ಲೇಪ ಬೆಳ್ಳಗೆ ಒಣಗಿತ್ತು, ಮಡಿಲಿನಲ್ಲಿ ಹಿಟ್ಟು ಅದಕ್ಕಿಂತ ಬೆಳ್ಳಗೆ. ಚಾವಣಿಯ ಮೇಲೆ ಸೀಳಿದ ಗೆಣಸು ಒಣಗುತ್ತಿತ್ತು. ಅಸ್ಮಿನಾ ಗೇರುಮರದ ಕೆಳಗೆ ಇನ್ನೊಂದು ಹುಡುಗಿಯ ಜಡೆ ಹೆಣೆಯುತ್ತಿದ್ದಳು.

"ಏನೇ ಇಷ್ಟು ಬೇಗ? ಸಭೆ ಆಗ್ಲೇ ಮುಗೀತಾ?"

ಮುವಾಹೆರಾ ಉತ್ತರಿಸದೆ, "ಅಸ್ಮಿನಾ, ಇಲ್ಲಿ ಬಾ. ಆ ಬೇಲಿಯ ತನಕ ಓಡಿ ವಾಪಸ್ ಬಾ ನೋಡೋಣ" ಎಂದಳು.

"ಯಾಕಮ್ಮಾ?"

"ಓಡು ಅಂದ್ನಲ್ಲ."

ಹುಡುಗಿ ಹಲ್ಲು ಕಿರಿದು ಓಡಿದಳು. ಮುವಾಹೆರಾ ಮುಖ ನೋಡಲಿಲ್ಲ, ಕಾಲನ್ನೇ ನೋಡಿದಳು. ಹಿಮ್ಮಡಿ ನೆಲಕ್ಕೆ ಬೀಳುತ್ತಿದೆಯೆ? ಬೀಳುತ್ತಿದೆ. ಮೊಣಕಾಲು ಒಂದಕ್ಕೊಂದು ತಾಕುತ್ತಿದೆಯೆ? ಇಲ್ಲ. ತಿರುಗುವಾಗ ತಡವರಿಸಿದಳೆ? ಇಲ್ಲ, ಬೇಲಿಯನ್ನು ಒಂದೇಟು ತಟ್ಟಿ ಮೇಕೆಮರಿಯ ಹಾಗೆ ನೆಗೆದು ತಿರುಗಿದಳು. ಅಂಗಾಲು ಬಿಳಿಚಾಗಿ ಮೇಲೆದ್ದು ಕೆಳಗಿಳಿಯುತ್ತ, ಧೂಳು ಎಬ್ಬಿಸುತ್ತ, ಅವಳು ಓಡಿಬಂದು ಮುವಾಹೆರಾಳ ಸೊಂಟಕ್ಕೆ ಢಿಕ್ಕಿ ಹೊಡೆದಳು. ಇಷ್ಟು ಚೆಂದ ಓಡುತ್ತಾಳೆ ಎಂದು ಇಷ್ಟು ದಿನ ತಾನು ಕಂಡೇ ಇರಲಿಲ್ಲ. ಮುವಾಹೆರಾಳ ಕಣ್ಣು ತುಂಬಿತು. ಹೆಮ್ಮೆಗೋ ಹೆದರಿಕೆಗೋ ಅವಳಿಗೇ ತಿಳಿಯಲಿಲ್ಲ.

"ಮಧ್ಯಾಹ್ನ ನೀನು ಮುದ್ದೆ ತಿನ್ನಬೇಡ. ಜೋಳ ಸುಟ್ಟು ಕೊಡ್ತೀನಿ. ಹೋಗು ಆಡ್ಕೋ."

ಅಲೀಮಾಳ ಜರಡಿ ನಿಂತಿತು. "ನನ್ನ ಮುದ್ದೆ ಯಾಕೆ ತಿನ್ನಬಾರದು?"

ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅವನ್ನೆಲ್ಲ ಬಿಟ್ಟು ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು ಅಮ್ಮನ ಮುಂದೆ ಹಿಡಿದಳು. ಅಮ್ಮ ಅದನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು.

"ಇದು ಯಾರದ್ದು?"

"ನಮ್ಮದು, ಅಮ್ಮ. ಇನ್ನೂರು."

"ನಿನ್ನ ಸೀಸೆ ಕೊಳಕಿತ್ತು."

"ಇಲ್ಲ."

"ಹಾಗಾದ್ರೆ ಯಾರದ್ದೋ ಹಿಟ್ಟು ನಮ್ಮದಕ್ಕೆ ಸೇರಿದೆ. ನೀನು ಊರವರ ಕಸಾನೆಲ್ಲ ಒಂದೇ ಚೀಲದಲ್ಲಿ ತುಂಬ್ಕೊಂಡು ಓಡಾಡ್ತೀಯ."

"ಸೇರಿಲ್ಲಮ್ಮ. ನಾನೇ ಅಳೆದು ಹಾಕಿದ್ದು."

ಅಲೀಮಾ ಎರಡು ಬೆರಳಲ್ಲಿ ಹಿಟ್ಟು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ರುಚಿ ನೋಡಿದಳು. ಅವಳು ರುಚಿ ನೋಡುವ ರೀತಿಯನ್ನು ಊರೆಲ್ಲ ಅನುಕರಿಸುತ್ತಿತ್ತು. "ಕಹಿ ಎಲ್ಲಿದೆ? ಹೇಳು, ಎಲ್ಲಿದೆ ಕಹಿ? ಇಪ್ಪತ್ತು ದಿನ ಬಿಸಿಲಿಗೆ ಹಾಕಿದ್ದೀನಿ. ದಿನಾ ಎರಡು ಸಲ ಮಗುಚಿದ್ದೀನಿ. ಮುರಿದ್ರೆ ಟಕ್ ಅನ್ನೋ ತನಕ ಒರಳಿಗೆ ಹಾಕ್ಲಿಲ್ಲ. ನನ್ನಮ್ಮ ಹೀಗೇ ಮಾಡಿದ್ಲು, ಅವಳಮ್ಮ ಹೀಗೇ ಮಾಡಿದ್ಲು. ನಿನ್ನ ಕಾಗದ ನಿನ್ನೆ ಹುಟ್ಟಿದ್ದು. ನನ್ನ ನಾಲಿಗೆ ಸುಳ್ಳು ಹೇಳಲ್ಲ."

"ಬರದ ವರ್ಷದಲ್ಲೂ ಇದೇ ನಾಲಿಗೆ ತಾನೇ ನೋಡಿದ್ದು."

ಅದು ಅವಳ ಬಾಯಿಂದ ಬಂದುಬಿಟ್ಟಿತು. ಹಾಗೆ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ, ಹೇಳಬಾರದೆಂದೂ ಅಂದುಕೊಂಡಿರಲಿಲ್ಲ. ಪರೀಕ್ಷೆ ಕಲಿತ ಮೊದಲ ದಿನವೇ, ಸೆಲೆಮಾನೆ ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಕತ್ತರಿಗಾಲಿನ ಹುಡುಗಿಯೊಬ್ಬಳ ಪಕ್ಕ ಹಿಟ್ಟಿನ ಬೋಗುಣಿ ಬರೆದಿದ್ದದ್ದನ್ನು ನೋಡಿದಾಗಲೇ, ಅವಳಿಗೆ ಎಲ್ಲ ಗೊತ್ತಾಗಿತ್ತು. ಮನೆಗೆ ಬಂದು ಏನೂ ಹೇಳಿರಲಿಲ್ಲ. ಯಾರ ಕೈಯಿಂದ ತನ್ನ ಕಾಲು ಹೋಯಿತೋ ಅವಳೇ ತನ್ನನ್ನು ಎಂಟು ವರ್ಷ ಬೆನ್ನ ಮೇಲೆ ಹೊತ್ತು ಉಗ್ರಾಣದ ಜಗಲಿಗೆ ತಲುಪಿಸಿದ್ದಳು ಎಂದು ತನಗೇ ಹೇಳಿಕೊಂಡು, ಆ ತಿಳಿವನ್ನು ಒಳಗೇ ಮಡಚಿಟ್ಟಿದ್ದಳು. ಹಾಗೆ ಮಡಚಿಟ್ಟದ್ದರ ಬಗ್ಗೆ ಅವಳಿಗೆ ಒಂದು ಥರದ ಜಂಬವೂ ಇತ್ತು. ಇವತ್ತು ಅದನ್ನು ಕಲ್ಲಿನ ಹಾಗೆ ಎಸೆದಿದ್ದಳು.

ಅಲೀಮಾಳ ಮುಖದಲ್ಲಿ ಮುಸಿರೋ ಅಲ್ಲಲ್ಲಿ ಬಿರುಕು ಬಿಟ್ಟಿತು. ಅವಳು ಮಡಿಲಿನ ಹಿಟ್ಟನ್ನು ಬುಟ್ಟಿಗೆ ಸುರಿದು, ಕೈ ಕೊಡವಿಕೊಂಡು, ಒಳಗೆ ಹೋಗಿ ಬಾಗಿಲ ಚಾಪೆ ಎಳೆದುಕೊಂಡಳು. "ಅಮ್ಮ" ಎಂದು ಎರಡು ಸಲ ಕರೆದಳು ಮುವಾಹೆರಾ. ಜೋಳ ಸುಟ್ಟು ಮಗಳಿಗೆ ಕೊಟ್ಟು, ಉಟ್ಟ ಬಟ್ಟೆಯಲ್ಲಿಯೇ ಹೋಗಿ, ಉಳಿದ ಸೀಸೆಗಳ ಅಂಕಿ ಬರೆದು ಮುಗಿಸಿ ಸಭೆಗೆ ಬಂದಳು.

ಆರೋಗ್ಯ ಕೇಂದ್ರದ ಮುಂದಿನ ನೆರಳಿನಲ್ಲಿ ಚಾಪೆ ಹಾಸಿತ್ತು. ಸೆಲೆಮಾನೆ ಬಂದು ಕೂತಿದ್ದ, ಅವಳ ಪುಸ್ತಕ ತಿರುವುತ್ತಿದ್ದ. ಇನ್ನೂರರ ಕೆಳಗಿನ ಗೆರೆ ನೋಡಿ, "ಇದು ಯಾರ ಮನೆ ಅಕ್ಕ?" ಎಂದು ಕೇಳಿದ. "ಓದುವಾಗ ಹೇಳ್ತೀನಿ" ಎಂದಳು. ಅವನು ಅವಳ ಮುಖ ನೋಡಿ, ದನಿ ತಗ್ಗಿಸಿ, "ಹೆಸರು ಓದಲೇಬೇಕು ಅಂತಿಲ್ಲ. ನಾನು ಹೋದ ಸಲಾನೇ ಹೇಳಿದ್ದೆ" ಎಂದ. ಆ ಬಾಗಿಲು ಎಷ್ಟು ಅಗಲ ತೆರೆದಿತ್ತು! ಇವತ್ತಿನಿಂದ ಹೆಸರು ಓದುವುದಿಲ್ಲ ಎಂದರೆ ಮುಗಿಯಿತು, ದೊಡ್ಡ ಮನಸ್ಸು ಅನ್ನುತ್ತಾರೆ. ಎದುರಿಗೆ ಎರಡನೆಯ ಸಾಲಿನಲ್ಲಿ ಝೈನಾಬೋ ಕೂತಿದ್ದಳು, ಬೋಗುಣಿ ತೊಡೆಯ ಮೇಲಿಟ್ಟುಕೊಂಡು, ಯಾರನ್ನೂ ನೋಡದೆ. ಹೋದ ಸಲ ನಕ್ಕವರ ನಡುವೆಯೇ ಮತ್ತೆ ಬಂದು ಕೂತಿದ್ದಳು. ತಾನಾಗಿದ್ದರೆ ಬರುತ್ತಿದ್ದೆನೆ?

"ಹೋದ ಸಲ ಓದಿದ್ದೀನಿ. ಈ ಸಲಾನೂ ಓದ್ತೀನಿ" ಎಂದಳು.

ಒಂದು, ಎರಡು, ಮೂರು. ನಾಲ್ಕಕ್ಕೆ ಬಂದಾಗ ಅವಳು ಝೈನಾಬೋಳ ಕಣ್ಣು ಹುಡುಕಿದಳು. "ನಾಲ್ಕು. ಝೈನಾಬೋ. ಹತ್ತಕ್ಕಿಂತ ಕಮ್ಮಿ." ಪಟ್ಟಿಯನ್ನು ಎತ್ತಿ ಹಿಡಿದಳು. "ಊರಿನಲ್ಲೆಲ್ಲ ಇದೇ ತಿಳಿ. ಹೋದ ಸಲ ನಾನು ಗೋಡೆಯ ಮಾತು ಆಡಿದ್ದೆ. ಅದು ಪರೀಕ್ಷೆ ಹೇಳಿದ್ದಲ್ಲ, ನಾನು ಸೇರಿಸಿದ್ದು. ತಪ್ಪು ನನ್ನದು." ಯಾರೂ ನಗಲಿಲ್ಲ. ಝೈನಾಬೋ ಬೋಗುಣಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಹನ್ನೆರಡು ಓದುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅಲೀಮಾ ಬರುತ್ತಿದ್ದಳು. ಹಿಟ್ಟು ಮಾಡುವುದನ್ನು ಕಾಗದದಿಂದ ಕಲಿಯಬೇಕಾದವರು ಹೋಗಲಿ ಎಂದು ಇದುವರೆಗೆ ಒಂದು ಸಭೆಗೂ ಬಾರದಿದ್ದವಳು, ಹಬ್ಬಕ್ಕೆಂದು ಮಡಚಿಟ್ಟ ಕೆಂಪು ಕಪುಲಾನಾ ಉಟ್ಟು, ಮುಖಕ್ಕೆ ಹೊಸದಾಗಿ ಮುಸಿರೋ ಬಳಿದು, ತಲೆಯ ಮೇಲೆ ಹಿಟ್ಟಿನ ಬುಟ್ಟಿ ಹೊತ್ತು, ಮೊಮ್ಮಗಳ ಕೈ ಹಿಡಿದು ನೇರವಾಗಿ ನಡೆದುಬಂದು ಎಲ್ಲರಿಗಿಂತ ಮುಂದೆ ಕೂತಳು. ಮುವಾಹೆರಾ ಓದುತ್ತಲೇ ಹೋದಳು. ಹದಿಮೂರು. ಹದಿನಾಲ್ಕು. ಹದಿನೈದು. ಹದಿನಾರು. ಮುಂದಿನ ಪಟ್ಟಿ ಅವಳ ಬೆರಳ ನಡುವೆ ಇತ್ತು.

"ಹದಿನೇಳು" ಎಂದಳು. ಅಲ್ಲಿಗೆ ನಿಂತಳು.

"ಹೂಂ, ಹದಿನೇಳು" ಎಂದು ಯಾರೋ ಹಿಂದಿನಿಂದ ಕೆದಕಿದರು. "ಹೆಸರಿಲ್ವಾ ಅದಕ್ಕೆ?"

"ಇದೆ" ಎಂದು ಅಲೀಮಾ ಎದ್ದು ನಿಂತಳು. "ಹದಿನೇಳು ನನ್ನದು. ಓದು ಮಗಳೇ, ಗಟ್ಟಿಯಾಗಿ ಓದು. ನನಗೆ ಕಿವಿ ಮಂದ ಆಗ್ತಾ ಬಂದಿದೆ."

"ಅಲೀಮಾ. ಇನ್ನೂರು."

ಸೆಲೆಮಾನೆ ಎದ್ದು ನಿಂತು, "ಇದರಲ್ಲಿ ಇವರ ತಪ್ಪೇನಿಲ್ಲ. ಮಳೆ ಕೈಕೊಟ್ಟ ವರ್ಷ ಗಿಡ ತನ್ನನ್ನ ಕಾಪಾಡ್ಕೊಳ್ಳೋಕೆ ವಿಷ ಜಾಸ್ತಿ ಮಾಡ್ಕೊಳ್ಳುತ್ತೆ. ಬೇರೆ ವರ್ಷಕ್ಕೆ ಸಾಕಾಗೋ ಇಪ್ಪತ್ತು ದಿನದ ಬಿಸಿಲು ಈ ವರ್ಷದ ಗೆಣಸಿಗೆ ಸಾಕಾಗಲ್ಲ" ಎಂದ.

"ನಿಲ್ಲಪ್ಪಾ, ನೀನು ಒಳ್ಳೆಯವನು" ಎಂದಳು ಅಲೀಮಾ. "ಈ ವರ್ಷದ್ದು ನನ್ನ ತಪ್ಪಲ್ಲ, ಒಪ್ಕೊಂಡೆ. ಇನ್ನೊಂದು ವರ್ಷದ್ದಿದೆ. ನಿಮಗೆಲ್ಲ ಗೊತ್ತಿರೋ ವರ್ಷ. ಆವಾಗ ಇಪ್ಪತ್ತು ದಿನ ಕಾಯ್ಲಿಲ್ಲ ನಾನು. ನಾಲ್ಕೇ ದಿನಕ್ಕೆ ಕುಟ್ಟಿದೆ. ಇವಳು ಹಸಿವು ಹಸಿವು ಅಂತ ಅಳ್ತಿದ್ಲು. ನಮ್ಮಕ್ಕ ಬೇಲಿಯಾಚೆಯಿಂದ ಕೂಗಿ ಹೇಳಿದ್ಲು, ಅವಸರ ಮಾಡ್ಬೇಡ ಅಲೀಮಾ, ಗೆಣಸು ಇನ್ನೂ ಬಾಗುತ್ತೆ, ಟಕ್ ಅನ್ನಲ್ಲ ಅಂತ. ಆ ವಾರ ಕಳೆದು ಇವಳ ಕಾಲು ಬಿತ್ತು." ಅವಳು ಉಸಿರು ತೆಗೆದುಕೊಂಡಳು. ಬೆನ್ನು ಬಾಗಲಿಲ್ಲ. "ಆಮೇಲೆ ಯಾರಾದ್ರೂ ಒಬ್ರು ಬೇಕಿತ್ತು ನನಗೆ, ಇದನ್ನ ಹೊರಿಸೋಕೆ. ಹೇಳಿದ್ದವಳನ್ನೇ ಹಿಡಿದೆ. ಝೈನಾಬೋ, ನಿಮ್ಮಮ್ಮ ಏನನ್ನೂ ಹೂತಿಟ್ಟಿರಲಿಲ್ಲ. ನನಗೆ ಆವಾಗ್ಲೂ ಗೊತ್ತಿತ್ತೋ ಏನೋ. ಇಷ್ಟು ಜನರ ಮುಂದೆ ಅವಳನ್ನ ಅಂದಿದ್ದೆ, ಇಷ್ಟೇ ಜನರ ಮುಂದೆ ವಾಪಸ್ ತಗೊಳ್ತಿದ್ದೀನಿ. ಅವಳು ಕೇಳಿಸ್ಕೊಳ್ಳೋಕೆ ಇಲ್ಲ. ನೀನು ಕೇಳಿಸ್ಕೋ."

ಮುವಾಹೆರಾ ಅಮ್ಮನನ್ನು ನೋಡುತ್ತ ನಿಂತಿದ್ದಳು. ಸಿಟ್ಟು ಬರಬೇಕಿತ್ತೇನೋ, ನಾಲ್ಕು ದಿನ ಎಂಬ ಮಾತು ಅವಳಿಗೂ ಹೊಸದು. ತನ್ನ ಹಸಿವಿನ ಅಳು ಎಂಬುದೂ ಹೊಸದು. ಆದರೆ ಅವಳಿಗೆ ಕಂಡದ್ದು, ಕಾಲು ನೆಟ್ಟಗಿರುವ ಇಷ್ಟು ಹೆಂಗಸರ ನಡುವೆ ಒಬ್ಬಳೇ ನಿಂತ ಆ ಮುದುಕಿಯ ನೆಟ್ಟನೆಯ ಬೆನ್ನು. ಇವಳು ನನ್ನ ಅಮ್ಮ ಎಂದು ಕೂಗಿ ಹೇಳಬೇಕೆನಿಸಿತು, ಅದು ಎಲ್ಲರಿಗೂ ಗೊತ್ತಿದ್ದರೂ.

ಝೈನಾಬೋಳನ್ನು ಪಕ್ಕದವಳು ಮೊಣಕೈಯಿಂದ ತಿವಿದಳು. ಅವಳು ಆ ಕೈಯನ್ನು ತಳ್ಳಿದಳು. ಕೊನೆಗೆ ಎದ್ದು ಮುಂದೆ ಬಂದಳು. ಅವಳ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ಒರಟಾಗಿತ್ತು.

"ಅಮ್ಮ ಸಾಯೋವಾಗ ನಿಮ್ಮನ್ನ ಕೇಳಿದ್ಲು, ಚಿಕ್ಕಮ್ಮ. ನಾವು ಕರೀಲಿಲ್ಲ. ಕರೆದ್ರೂ ನೀವು ಬರ್ತಿರಲಿಲ್ಲ."

"ಬರ್ತಿರಲಿಲ್ಲ" ಎಂದಳು ಅಲೀಮಾ.

ಆಮೇಲೆ ಝೈನಾಬೋ ತನ್ನ ಬೋಗುಣಿಯನ್ನು ನೆಲದ ಮೇಲಿಟ್ಟು, "ಆ ಹಿಟ್ಟು ಇಲ್ಲಿ ಸುರೀರಿ. ಚೆಲ್ಲೋದೇನೂ ಬೇಡ. ಸೆಲೆಮಾನೆ ಹೇಳ್ಕೊಟ್ಟ ಹಾಗೆ ನಾನು ಮಾಡಿದ್ದನ್ನ ತೋರಿಸ್ತೀನಿ" ಎಂದಳು.

ಅವಳು ಬೋಗುಣಿಗೆ ಹಿಟ್ಟು ಸುರಿದು ಸಮ ಮಾಡಿ, ಮಟ್ಟ ಎಲ್ಲಿದೆಯೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದಳು. ನೀರು ಹಾಕಿ ಕಲಸಿದಾಗ ಹಿಟ್ಟು ಕುಗ್ಗಿ ಗೆರೆಯ ಕೆಳಗೆ ಇಳಿಯಿತು; ಮತ್ತೆ ಗೆರೆ ಮುಟ್ಟುವ ತನಕ ನೀರು ಹಾಕಿದಳು. ಆ ಒದ್ದೆ ಹಿಟ್ಟನ್ನು ನೆರಳಿನ ಚಾಪೆಯ ಮೇಲೆ ಹರಡಿದಳು, ಅರ್ಧ ಬೆರಳಿನ ದಪ್ಪಕ್ಕೂ ಕಡಿಮೆ.

"ಆ ಮೂಲೇಲಿ ದಪ್ಪ ಆಯ್ತಲ್ಲೇ" ಎಂದಳು ಅಲೀಮಾ, ಕೂತಲ್ಲಿಂದಲೇ.

"ಇನ್ನೂರು ಬಂದವರು ನನಗೆ ಹೇಳ್ಕೊಡಬೇಡಿ, ಚಿಕ್ಕಮ್ಮ."

ಹೆಂಗಸರ ನಡುವೆ ಮೊದಲ ಸಲ ನಗು ಎದ್ದಿತು. ಅಲೀಮಾ ಹುಬ್ಬು ಗಂಟಿಕ್ಕಿದಳು, ಆಮೇಲೆ ಚಾಪೆಯ ಬಳಿ ಸರಿದು ಆ ಮೂಲೆಯನ್ನು ತಾನೇ ತೆಳ್ಳಗೆ ಮಾಡಿದಳು. ಝೈನಾಬೋ ಬೇಡ ಎನ್ನಲಿಲ್ಲ. ವಿಷ ಗಾಳಿಗೆ ಹಾರಿಹೋಗಲು ಐದು ಗಂಟೆ ಬೇಕು. ಹೊತ್ತು ಇಳಿಯುವವರೆಗೆ ಇಬ್ಬರೂ ಚಾಪೆಯ ಎರಡು ಕಡೆ ಕೂತು ಕೋಳಿ ಓಡಿಸಿದರು, ಮಾತಾಡಿದ್ದು ಕಡಿಮೆ. ಆಡಿದ್ದು ಏನೆಂದು ದೂರದಲ್ಲಿ ಸೀಸೆ ತೊಳೆಯುತ್ತಿದ್ದ ಮುವಾಹೆರಾಗೆ ಕೇಳಲಿಲ್ಲ, ಅವಳು ಕೇಳಿಸಿಕೊಳ್ಳಲು ಹೋಗಲೂ ಇಲ್ಲ. ಸಂಜೆಗೆ ಆ ಹಿಟ್ಟಿನಿಂದ ಒಂದು ಚಿಟಿಕೆ ಅಳೆದು ಹೊಸ ಸೀಸೆಗೆ ಹಾಕಿ, ನೀರು ಬಿಟ್ಟು, ಹಳದಿ ಪಟ್ಟಿ ಇಳಿಸಿ ಮುಚ್ಚಳ ಬಿಗಿದಳು.

ಮರುದಿನ ಬೆಳಿಗ್ಗೆ ಅವಳು ಕೋಣೆಯ ಬೀಗ ತೆಗೆಯುವಾಗ ಅಲೀಮಾ ಆಗಲೇ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಂದವಳು ಕೂರಲಿಲ್ಲ. ಮುವಾಹೆರಾ ಮುಚ್ಚಳ ತೆಗೆದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಎಷ್ಟು?"

"ಹತ್ತಕ್ಕಿಂತ ಕಮ್ಮಿ, ಅಮ್ಮ. ತಿನ್ನಬಹುದು. ಅಸ್ಮಿನಾ ತಿನ್ನಬಹುದು."

ಅಲೀಮಾ ಕಣ್ಣು ಮುಚ್ಚಿದಳು. ಅವಳ ತುಟಿ ಏನೋ ಪ್ರಾರ್ಥನೆ ಹೇಳಿಕೊಂಡಿತು. ಕಣ್ಣು ತೆರೆದಾಗ ಅವಳು ಮತ್ತೆ ಅಲೀಮಾ ಆಗಿದ್ದಳು.

"ಝೈನಾಬೋದು ಎಷ್ಟಿತ್ತು?"

"ಅದೂ ಹತ್ತಕ್ಕಿಂತ ಕಮ್ಮಿ."

"ಯಾವುದು ಹೆಚ್ಚು ತಿಳಿ?"

ಮುವಾಹೆರಾ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಳು. ಕಾರ್ಡಿಗೆ ಎರಡೂ ಒಂದೇ. ಸೆಲೆಮಾನೆಗೂ ಒಂದೇ. ಗೇರುಬೀಜದ ಐದು ಬುಟ್ಟಿಗಳ ಮುಂದೆ ಬೆಳೆದ ಕಣ್ಣಿಗೆ ಮಾತ್ರ ಅವು ಒಂದಾಗಿರಲಿಲ್ಲ. ಹೌದು ಎರಡೂ ಒಂದೇ ಎಂದರೆ ಈ ಲೋಕದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

"ಅವಳದು" ಎಂದಳು. "ಕೂದಲೆಳೆಯಷ್ಟು."

ಅಲೀಮಾ ಪಟ್ಟಿಗಳ ಮೇಲೆ ಬಗ್ಗಿ ನೋಡಿದಳು, ವ್ಯತ್ಯಾಸ ಕಾಣಲಿಲ್ಲ. ಮಗಳ ಮುಖ ನೋಡಿದಳು. "ನಿನಗೆ ಅಷ್ಟು ಕಾಣುತ್ತಾ?"

"ಕಾಣುತ್ತೆ."

"ಹೂಂ" ಎಂದಳು. ಆ ಹೂಂಕಾರದಲ್ಲಿ ಸೋಲು ಇರಲಿಲ್ಲ. ಮುವಾಹೆರಾಳ ಗದ್ದವನ್ನು, ಅವಳು ಸಣ್ಣವಳಿದ್ದಾಗ ಹಿಡಿಯುತ್ತಿದ್ದಂತೆ, ಎರಡು ಬೆರಳಲ್ಲಿ ಹಿಡಿದು ಒಂದು ಸಲ ಅಲ್ಲಾಡಿಸಿದಳು. "ಕಂದು ಬಂದಾಗ ಊರೆಲ್ಲ ಕೂರಿಸಿ ಓದಿದೆ. ಈಗ ಹಳದಿ ಬಂದ್ರೆ ನನ್ನೊಬ್ಬಳ ಕಿವಿಗೆ ಪಿಸುಗುಟ್ತೀಯಾ? ಎಲ್ಲರ ಮುಂದೆ ಓದಬೇಕು. ಕೂದಲೆಳೆಯ ಮಾತೂ ಬಿಡದ ಹಾಗೆ ಓದಬೇಕು. ತಡಿ, ಕರೀತೀನಿ."

ಅವಳು ಹೊರಗೆ ಹೋದಳು. ಮುವಾಹೆರಾ ಪುಸ್ತಕ ತೆರೆದು ಪೆನ್ನು ಹಿಡಿದಳು. ಮೆಟ್ಟಿಲ ಮೇಲೆ ನಿಂತು ಊರಿನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಅಮ್ಮ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಝೈನಾಬೋಳದಾಗಿತ್ತು.